ಊರಿಗೊಂದು ಅಂಗಿ

ದೀಪಾವಳಿ ಮುಗಿದ ಮೇಲೆ ಲಕ್ಷ್ಮೇಶ್ವರದ ಕಡೆ ಹೋಗುವ ಬಸ್ಸು ಹತ್ತಲು ನನಗೆ ಮನಸ್ಸಾಗುವುದಿಲ್ಲ. ಮೊನ್ನೆ ಹತ್ತಲೇಬೇಕಾಯಿತು. ಬೀಗರೊಬ್ಬರ ಮನೆಯಲ್ಲಿ ಸಾವಾಗಿತ್ತು, ಹೋಗದಿದ್ದರೆ ಮಾತು ಬರುತ್ತದೆ. ಊರು ಇನ್ನೂ ಮುಂದಿರುವಾಗಲೇ ಬಸ್ಸಿನ ಮಗ್ಗುಲಿಗೆ ಒಂದು ಟೆಂಪೋ ಬಂತು. ಅದರಲ್ಲಿ ಹೋರಿ. ಕೋಡಿಗೆ ಬಲೂನು, ಕೊರಳಿಗೆ ಕೊಬ್ಬರಿ ಸರ, ಬೆನ್ನ ಮೇಲೆ ಜರಿಯ ಜೂಲ. ಸುತ್ತ ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಹುಡುಗರು, ಎಲ್ಲರ ಎದೆಯ ಮೇಲೂ ಅದೇ ಹೋರಿಯ ಮುಖ. ನನ್ನ ಕಣ್ಣು ಮೊದಲು ಹೋದದ್ದು ಅಚ್ಚಿನ ಕಡೆ. ಅಂಚು ಎದ್ದಿತ್ತು. ನಾಲ್ಕು ಸಲ ಒಗೆದರೆ ಹೋರಿಯ ಮೂಗು ಉದುರಿ ಹೋಗುತ್ತದೆ, ಯಾವನೋ ಅವಸರದಲ್ಲಿ ಒತ್ತಿದ್ದಾನೆ ಅಂದುಕೊಂಡೆ. ಅಷ್ಟರಲ್ಲಿ ಹೋರಿ ನನ್ನ ಕಡೆ ಮುಖ ತಿರುಗಿಸಿತು. ನಾನು ಕಿಟಕಿಯ ಗಾಜು ಎಳೆದು, ಸೆರಗು ಹೊದ್ದು, ತಲೆ ತಗ್ಗಿಸಿ ಕುಳಿತೆ. ಆ ಹೋರಿಗೆ ನನ್ನಿಂದ ಏನೂ ಆಗುವುದು ಬೇಡ.

ನಮ್ಮದು ಗದಗಿಗೆ ಅಂಟಿದ ಬೆಟಗೇರಿಯ ನೇಕಾರರ ಓಣಿ. ಅಪ್ಪ ಇರುವ ತನಕ ನಡುಮನೆಯಲ್ಲಿ ಮಗ್ಗ ಇತ್ತು. ಅಪ್ಪ ಹೋದ ಮೇಲೆ ಮಗ್ಗವನ್ನು ಕಟ್ಟಿಗೆಯ ಬೆಲೆಗೆ ಮಾರಿದೆವು, ನೇಯುವವರು ಕಾಲು ಇಳಿಬಿಡುವ ಕುಣಿ ಮಾತ್ರ ಉಳಿಯಿತು. ನನ್ನ ಗಂಡ ತೀರಿಕೊಂಡು ನಾನು ತವರಿಗೆ ಮರಳಿದ ವರ್ಷವೇ ತಮ್ಮ ಈರಣ್ಣ ಆ ಕುಣಿಯ ಮೇಲೆ ಹಲಗೆ ಹಾಸಿ, ಟೀ ಶರ್ಟಿನ ಮೇಲೆ ಚಿತ್ರ ಒತ್ತುವ ಯಂತ್ರ ತಂದು ಕೂರಿಸಿದ. ತಿರುಪ್ಪೂರಿನಿಂದ ಖಾಲಿ ಅಂಗಿಗಳ ಗಂಟು ಬರುತ್ತಿತ್ತು. ಕಂಪ್ಯೂಟರಿನಲ್ಲಿ ಚಿತ್ರ ಜೋಡಿಸುವುದು, ಒತ್ತುವುದು, ಮಡಚುವುದು ನನ್ನ ಪಾಲು. ಗಿರಾಕಿ ಹುಡುಕುವುದು ಅವನ ಪಾಲು.

ಗಿರಾಕಿ ಬೇಕೆಂದರೆ ಜಾಹೀರಾತು ಬೇಕು, ಜಾಹೀರಾತಿಗೆ ನಮ್ಮ ಕೈ ಖಾಲಿ. ಕೇಬಲ್ ಟಿವಿಯವರು ಹೇಳಿದ ದರ ಕೇಳಿ ಈರಣ್ಣ ಅವರ ಚಹಾ ಕುಡಿದು ಎದ್ದು ಬಂದ. ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದೆವು. ಮರುದಿನವೇ ಅದರ ಮೇಲೆ ಯಾವನೋ ಮರಿ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸ್ ಬಂತು. ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಕರಿಯುವವನಿಗೆ ಒಂದು ಅಂಗಿ ಪುಕ್ಕಟೆ ಕೊಟ್ಟೆವು, ಬೆನ್ನ ಮೇಲೆ ನಮ್ಮ ಫೋನ್ ನಂಬರು. ಅವನೋ ಬಾಣಲೆಯ ಮುಂದೆ ಗಿರಾಕಿಗಳಿಗೆ ಎದೆ ಕೊಟ್ಟು ನಿಲ್ಲುವವನು, ಬೆನ್ನು ಸದಾ ಗೋಡೆಗೆ. ನಮ್ಮ ನಂಬರು ಓದಿದ್ದು ಆ ಗೋಡೆ ಒಂದೇ.

“ಅಕ್ಕಾ, ಬ್ಯಾರೆ ಬೋರ್ಡ್ ಯಾಕ ಬೇಕು? ನಾನ ಬೋರ್ಡ್ ಆಗತೀನಿ,” ಅಂದ ಈರಣ್ಣ.

ಆದ. ಹೋರಿ ಬೆದರಿಸುವ ಆಟ ಹಾವೇರಿ ಕಡೆಯದು, ಆದರೆ ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಲ್ಲೂ ಅದರ ಹುಚ್ಚು ಕಡಿಮೆಯಿಲ್ಲ. ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಅಖಾಡಕ್ಕೆ ಬಿಡುತ್ತಾರೆ. ಓಡುವ ಹೋರಿಯ ಕೊರಳಿನ ಕೊಬ್ಬರಿ ಹರಿದವನು ಗಂಡು, ಯಾರಿಗೂ ಹರಿಯಲು ಬಿಡದೆ ದಾಟಿದ್ದು ಹೋರಿ. ಪ್ರತಿ ಹೋರಿಗೂ ಒಂದು ಹೆಸರು, ಹೆಸರಿಗೊಂದು ಅಭಿಮಾನಿ ಬಳಗ, ಬಳಗಕ್ಕೆ ಒಂದೇ ಬಣ್ಣದ ಅಂಗಿ. ಈರಣ್ಣ ಒಂದೊಂದು ಊರಿಗೂ ಹೋಗಿ, ಅಲ್ಲಿಯ ಹೋರಿಯ ಫೋಟೋ ತೆಗೆದು, ನನ್ನ ಕೈಲಿ ಒಂದೇ ಒಂದು ಅಂಗಿ ಒತ್ತಿಸಿ, ತಾನೇ ತೊಟ್ಟು ಆ ಊರಿನ ಚಹಾದ ಅಂಗಡಿಯಲ್ಲಿ ಹೋಗಿ ಕೂರುತ್ತಿದ್ದ. ಮೊದಲು ನಗು, ಆಮೇಲೆ ಫೋಟೋ, ಸಂಜೆಯೊಳಗೆ ಎಲ್ಲರ ಸ್ಟೇಟಸ್ಸಿನಲ್ಲಿ ಅವನೇ. ಎರಡು ದಿನದಲ್ಲಿ ಬಳಗಕ್ಕೆಲ್ಲ ಬೇಕೆಂದು ಫೋನು ಬರುತ್ತಿತ್ತು.

ಹೀಗೆ ಅವನ ಬೈಕಿನ ಚೀಲದಲ್ಲಿ ಅಂಗಿಗಳು ಹೆಚ್ಚುತ್ತ ಹೋದವು. ಲಕ್ಷ್ಮೇಶ್ವರದ ಒಳಗಿನ ಒಂದು ಊರಿಗೆ ಹೋಗುವಾಗ ‘ಜಮಾದಾರ’ನ ಅಂಗಿ. ಶಿರಹಟ್ಟಿಯ ಕಡೆ ತಿರುಗಿದರೆ ‘ಸುಂಟರಗಾಳಿ’ಯದು. ಮುಂಡರಗಿಯ ದಾರಿ ಹಿಡಿದರೆ ‘ಕಪ್ಪತಗುಡ್ಡದ ಕಿಂಗ್’. ಊರ ಹೊರಗಿನ ಬೇವಿನ ಗಿಡದ ಕೆಳಗೆ ಬೈಕು ನಿಲ್ಲಿಸಿ, ಆಚೀಚೆ ನೋಡಿ, ಹಳೆಯದನ್ನು ಕಳಚಿ ಆ ಊರಿನದನ್ನು ತೊಟ್ಟು ಒಳಗೆ ಹೋಗುತ್ತಿದ್ದ. ಒಂದೂರಿನಲ್ಲಿ ಅವನು ಈರಣ್ಣ ಮಾವ, ಇನ್ನೊಂದೂರಿನಲ್ಲಿ ಕಾಕಾ, ಮತ್ತೊಂದೂರಿನಲ್ಲಿ ದೋಸ್ತ. ಎಲ್ಲರಿಗೂ ಅವನು ತಮ್ಮ ಹೋರಿಯ ಮನುಷ್ಯ. ಅವನ ನಗುವೇ ಅಂಥದು, ಕಂಡವರು ತಮ್ಮವನೆಂದುಕೊಳ್ಳಬೇಕು.

ಒಂದು ಸಲ ಮುಂಡರಗಿ ಕಡೆಯ ಊರೊಂದಕ್ಕೆ ಹೋದವನು ಅಂಗಿ ಬದಲಿಸುವುದನ್ನು ಮರೆತನಂತೆ. ಚಹಾದ ಅಂಗಡಿಯ ಮುಂದೆ ಬೈಕು ನಿಂತ ಮೇಲೆ ನೆನಪಾಯಿತಂತೆ. ಆ ಬಿಸಿಲಿನಲ್ಲಿ ಕೊರಳಿಂದ ಸೊಂಟದವರೆಗೆ ಟವೆಲ್ ಹೊದ್ದುಕೊಂಡು, ಚಳಿಜ್ವರ ಬಂದಿದೆ ಎಂದು ಹೇಳಿ ಕೂತು ಬಂದ. ಹೇಳುತ್ತ ಹೇಳುತ್ತ ಅವನಿಗೆ ನಗು ತಡೆಯಲಾಗಲಿಲ್ಲ, ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಹೇಳಿದೆ:

“ಲೇ ಈರ್ಯಾ, ಆ ಮಂದಿಗೆ ಹೋರಿ ಅಂದ್ರ ಆಟಕ್ಕಿಂತ ಹೆಚ್ಚಿಂದು. ಒಂದ ಹೋರಿ ಹಿಡಕೊಂಡು ಇರು.”

“ಒಂದ ಹೋರಿ ಹಿಡಕೊಂಡ್ರ ಒಂದ ಊರು ಸಿಗತೈತಿ. ನಿಂಗ ವ್ಯಾಪಾರ ತಿಳಿಯೂದಿಲ್ಲ ಬಿಡಕ್ಕಾ.”

ವ್ಯಾಪಾರ ಅವನಿಗೆ ತಿಳಿದಿತ್ತು, ಅದು ಖರೆ. ದಸರೆಯ ಹೊತ್ತಿಗೆ ಯಂತ್ರಕ್ಕೆ ಬಿಡುವಿರಲಿಲ್ಲ. ಬಿಸಿ ಬಟ್ಟೆಯ ವಾಸನೆ ನನ್ನ ಕೂದಲಿಗೂ ಹತ್ತಿತ್ತು. ದಿನವಿಡೀ ಕಂಪ್ಯೂಟರಿನಲ್ಲಿ ಹೋರಿಗಳ ಮುಖ ದೊಡ್ಡದು ಮಾಡಿ, ಕಣ್ಣಿನ ಹೊಳಪು ಹೆಚ್ಚಿಸಿ, ಮೂಗಿನ ದಾರ ಅಳಿಸಿ ಕೂರುತ್ತಿದ್ದೆ. ಅವುಗಳಲ್ಲಿ ಜಮಾದಾರ ನಿಜಕ್ಕೂ ಚೆಂದದ ಪ್ರಾಣಿ. ಹಣೆಯ ಮೇಲೆ ಬಿಳಿ ಮಚ್ಚೆ, ಕಣ್ಣಿನ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು. ನನಗೆ ಅದರ ಮೇಲೆ ಪ್ರೀತಿ ಬಂದಿತ್ತು, ಮುಚ್ಚುಮರೆ ಏನು.

ಜಮಾದಾರನ ಧಣಿ ಫಕ್ಕೀರಗೌಡ. ನಲವತ್ತರ ಆಸುಪಾಸಿನ ದೊಡ್ಡ ಆಳು, ಮಾತು ಮಾತ್ರ ಬಹಳ ಮೆತ್ತಗೆ. ಒಂದು ದಿನ ತಾಯಿ ನೀಲವ್ವಳ ಮೊಣಕಾಲು ತೋರಿಸಲು ಗದಗಿಗೆ ಬಂದವನು, ಈರಣ್ಣನ ಮನೆ ನೋಡಿ ಹೋಗೋಣವೆಂದು ಹೇಳದೆ ಕೇಳದೆ ನಮ್ಮ ಓಣಿಗೆ ಬಂದ. ಈರಣ್ಣ ಮನೆಯಲ್ಲಿರಲಿಲ್ಲ. ನಾನು ಹಿತ್ತಲಲ್ಲಿ ಅವನ ವಾರದ ಬಟ್ಟೆ ಒಗೆಯುತ್ತಿದ್ದೆ. ಆರೇಳು ಊರಿನ ಆರೇಳು ಹೋರಿಗಳು ಒಂದೇ ಹಗ್ಗದ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಕಲ್ಲಿನ ಮೇಲೆ ಜಮಾದಾರನ ಪಾಳಿ ಬಂದಿತ್ತು. ಎತ್ತಿ ಬಡಿದಾಗ ಹಿಂದಿನಿಂದ ದನಿ ಕೇಳಿತು.

“ಇದು ನಮ್ಮ ಜಮಾದಾರ ಅಲ್ಲೇನವಾ?”

ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ನಾನು ಒದ್ದೆ ಅಂಗಿ ಹಿಡಿದು ಎದ್ದು ನಿಂತೆ.

“ಹೌದ್ರಿ ಅವ್ವಾರ, ಬರ್ರಿ, ಕುಂಡ್ರಿ. ಈರಣ್ಣನ ಅಂಗಿ, ಒಗಿಯಾಕತ್ತಿದ್ದೆ.”

“ಬಸವಣ್ಣನ ಮಾರಿ ಕಲ್ಲಿಗೆ ಬಡಿಯಾಕತ್ತೀಯಲ್ಲ, ತಾಯಿ.”

“ಅರಿವಿ ಅಲ್ಲೇನ್ರಿ? ಒಗೀಲಿಲ್ಲಂದ್ರ ಹೆಂಗ್ರಿ?” ಎಂದು ನಕ್ಕೆ. ಆಕೆ ನಗಲಿಲ್ಲ.

ಗೌಡ ಕಲ್ಲಿನ ಕಡೆ ನೋಡಲೇ ಇಲ್ಲ. ಅವನು ಹಗ್ಗದ ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದೊಂದೇ ಅಂಗಿಯ ಅಂಚನ್ನು ಬೆರಳಿನಿಂದ ಮುಟ್ಟುತ್ತ ನಡೆದ.

“ಸುಂಟರಗಾಳಿ... ಇದು ಮುಂಡರಗಿ ಕಡೇದು... ಎಲ್ಲಾ ಒಂದ ಅಳತೀವು ಅದಾವಲ್ರಿ ತಂಗಿ?”

“ಸ್ಯಾಂಪಲ್ ರೀ, ಗೌಡ್ರ.”

ಅವನು ಸುಂಟರಗಾಳಿಯ ಕೊರಳಪಟ್ಟಿಯನ್ನು ಮಗುಚಿ ನೋಡಿದ. ಬೆವರಿನ ಹಳದಿ ಒಗೆದರೂ ಹೋಗಿರಲಿಲ್ಲ. “ಸ್ಯಾಂಪಲ್ ಭಾಳ ದುಡದಾವು,” ಅಂದ ಮೆತ್ತಗೆ. ಚಹಾ ಮಾಡಿ ತಂದೆ. ಆಸ್ಪತ್ರೆಗೆ ಹೊತ್ತಾಯಿತೆಂದು ಇಬ್ಬರೂ ಎದ್ದರು. ಎರಡು ಲೋಟ ಚಹಾ ಕೆನೆಗಟ್ಟಿ ಹಾಗೇ ಉಳಿದವು.

ಈರಣ್ಣ ಬಂದಾಗ ಎಲ್ಲ ಹೇಳಿದೆ. “ಗೌಡ್ರು ನಮ್ಮ ಮಂದಿ, ಅಕ್ಕಾ. ನಿಂಗ ಎಲ್ಲಾದ್ರಾಗೂ ಹುಳುಕ ಕಾಣತೈತಿ,” ಎಂದು ಕೈತೊಳೆದು ಊಟಕ್ಕೆ ಕೂತ. ಆದರೆ ಅಂದು ರೊಟ್ಟಿ ಅರ್ಧಕ್ಕೆ ಬಿಟ್ಟ.

ದೀಪಾವಳಿ ಆದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಕವಿಯಿತು. ಒಡೆದ ಹತ್ತಿ ಹೊಲದಲ್ಲೇ ಕಪ್ಪಾಗುತ್ತಿದೆ ಎಂದು ಬಂದವರೆಲ್ಲ ಹೇಳುತ್ತಿದ್ದರು. ಜಿನುಗು ಮಳೆ, ಮೈ ಕೊರೆಯುವ ಮೂಡಗಾಳಿ, ಹಗಲಿನಲ್ಲೂ ದೀಪ ಹಚ್ಚಬೇಕು. ಜಮಾದಾರ ಓಡಬೇಕಾಗಿದ್ದ ದೊಡ್ಡ ಅಖಾಡ ಹತ್ತಿರ ಬಂದಿತ್ತು. ಅಂಥ ಒಂದು ಬೆಳಿಗ್ಗೆ ಗೌಡನ ಫೋನು ಬಂತು.

“ತಂಗೀ, ನಿಮ್ಮ ತಮ್ಮನ್ನ ಒಂದೀಟು ಕಳಸ್ರಿ. ಇನ್ನೊಂದು ಡಜನ್ ಅಂಗಿ ಬೇಕಾಗ್ಯಾವು.”

ಎಂದಿಗಿಂತ ಮೆತ್ತನೆಯ ದನಿ. ಹೋಗಬೇಡ ಅನ್ನಬೇಕೆಂದು ಬಾಯಿವರೆಗೆ ಬಂತು, ಆದರೆ ಗಿರಾಕಿ ಕರೆದಾಗ ಹೋಗಬೇಡ ಅನ್ನುವುದು ಹೇಗೆ? ಈರಣ್ಣ ಜಮಾದಾರನ ಅಂಗಿಯನ್ನು ಮನೆಯಲ್ಲೇ ತೊಟ್ಟು, ಮೇಲೊಂದು ರೇನ್‌ಕೋಟ್ ಹಾಕಿಕೊಂಡು, ಚೀಲ ಬೈಕಿಗೆ ಬಿಗಿದು ಹೋದ. ಮಧ್ಯಾಹ್ನವಾದರೂ ಸುದ್ದಿಯಿಲ್ಲ. ಫೋನು ಎತ್ತುತ್ತಿರಲಿಲ್ಲ. ಕೊನೆಗೆ ಅವನೇ ಮಾಡಿದ.

“ಅಕ್ಕಾ, ಜಮಾದಾರ ಮಲಗಿಬಿಟ್ಟಾನ. ಮೇವು ಮುಟ್ಟವಲ್ಲ. ನನ್ನ ನೆದರು ತಾಗೇತಿ, ಕೆಟ್ಟ ಕಣ್ಣು ಬಿದ್ದೇತಿ ಅಂತಾರ. ಎಲ್ಲಾ ಹೋರಿಗೋಳ ಹಿಂದ ತಿರಗತೀ, ಯಾರ ಕಡೆ ಮನಷಾ ನೀ ಅಂತಾರ. ನೀಲವ್ವಾರು ನನ್ನ ಅಂಗೀದು ದಾರ ಬೇಕಂತಾರ, ಸುಡಾಕ.”

“ಮೈಮ್ಯಾಲಿಂದು ಹರಕೊಳ್ಳಲಿ ಹೇಳು.”

“ಮೈಮ್ಯಾಲೆ ಜಮಾದಾರನ ಮಾರಿ ಐತಲ್ಲಕ್ಕಾ. ಅದನ್ನ ಸುಟ್ರ ಅವನ್ನ ಸುಟ್ಟಂಗ. ಚೀಲದಾಗಿನವು ಬ್ಯಾರೆ ಊರಿನ ಹೋರೀವು, ಅವನ್ನ ಸುಟ್ರ ಊರೂರಿಗೆ ಜಗಳ ಹತ್ತತೈತಿ. ಹೊಸಾದು ನಡಿಯೂದಿಲ್ಲಂತ, ನನ್ನ ಬೆವರು ಹತ್ತಿರಬೇಕಂತ. ನಂದ ಅನ್ನೂದು ಒಂದ ಅಂಗಿ ತಗೊಂಡು ಬಾ. ಅಚ್ಚಿಲ್ಲದ್ದು.” ಆಮೇಲೆ ದನಿ ತಗ್ಗಿಸಿದ. “ಪೊಲೀಸ್ರಿಗೆ ಹೇಳಬ್ಯಾಡ. ಹುಡುಗ್ರು ಕೊಟ್ಟಿಗಿ ಸುತ್ತ ನಿಂತಾರ. ಜಲ್ದಿ ಬಾ.”

ಟ್ರಂಕು, ಗೂಟ, ಮಡಿಕೆಯ ಗಂಟು, ಎಲ್ಲ ಹುಡುಕಿದೆ. ನನ್ನ ತಮ್ಮನದು ಎನ್ನುವ ಒಂದು ಅಂಗಿ ಆ ಮನೆಯಲ್ಲಿರಲಿಲ್ಲ. ಮದುವೆ ಮುಂಜಿಗೂ ಅವನು ಯಾವುದೋ ಹೋರಿಯನ್ನೇ ಎದೆಯ ಮೇಲೆ ಹೊತ್ತು ಹೋಗುತ್ತಿದ್ದ, ನಾಲ್ಕು ಮಂದಿ ನೋಡಲಿ ಎಂದು. ಹಳೆಯ ಅಂಗಿಗಳನ್ನೆಲ್ಲ ನಾನೇ ಕತ್ತರಿಸಿ ಯಂತ್ರ ಒರೆಸುವ ಅರಿವೆ ಮಾಡಿದ್ದೆ. ಆ ಅರಿವೆಗಳ ಬುಟ್ಟಿಯನ್ನೇ ನೆಲಕ್ಕೆ ಸುರಿದು ಕೂತೆ. ಅವನು ಕಾಲೇಜಿಗೆ ಹಾಕುತ್ತಿದ್ದ ನೀಲಿ ಚೌಕಳಿಯ ಅಂಗಿಯ ಒಂದು ತುಂಡು, ಕೊರಳಪಟ್ಟಿ ಸಮೇತ, ಸಿಕ್ಕಿತು. ಅದನ್ನು ಕೈಚೀಲಕ್ಕೆ ತುರುಕಿ, ಓಣಿಯ ತುದಿಯ ಮಾಬೂಲಿ ಕಾಕಾನ ಗೂಡ್ಸ್ ಟೆಂಪೋ ಹತ್ತಿದೆ.

ದಾರಿಯುದ್ದಕ್ಕೂ ಒರೆಸುವ ಕಡ್ಡಿ ಗಾಜಿನ ಮೇಲೆ ಕಿರುಗುಟ್ಟುತ್ತಿತ್ತು. ಎಲ್ಲ ಕೇಳಿಸಿಕೊಂಡು ಕಾಕಾ ಹೇಳಿದ:

“ದಾರ ಕೊಡೂದಂದ್ರ ಏನಂತ ತಿಳದೀ ಬೇಟಿ? ನೆದರು ನಂದ ಅಂತ ಅಂವ ಒಪ್ಪಿದಂಗ. ಹೋರಿ ಏಳಲಿಲ್ಲಂದ್ರ ಆ ಹುಡುಗ್ರು ಅವನ್ನ ಬಿಡೂದಿಲ್ಲ. ಎದ್ರೂ ಆತು, ಇನ್ನ ಯಾವ ಊರಾಗೂ ಅವನ್ನ ಒಳಗ ಕರಿಯೂದಿಲ್ಲ.”

ಕಾಕಾ ಹೇಳಿದ್ದು ಖರೆ. ಕೈಚೀಲದಲ್ಲಿದ್ದ ನೀಲಿ ತುಂಡನ್ನು ಮುಟ್ಟಿ ನೋಡಿದೆ. ಹಳ್ಳದ ಸೇತುವೆ ಬಂದಾಗ ಅದನ್ನು ಕಿಟಕಿಯಿಂದ ಕೆಳಕ್ಕೆ ಎಸೆದೆ.

ಗೌಡನ ಮನೆಯ ಮುಂದೆ ನಾನು ಒತ್ತಿದ ಅಂಗಿಗಳೇ ನಿಂತಿದ್ದವು. ಹಳದಿಯ ಮೇಲೆ ಕಪ್ಪು, ಎದೆಯ ಮೇಲೆ ಜಮಾದಾರ. ಒಂದೂ ಮುಖ ನಗಲಿಲ್ಲ. ದಾರಿ ಬಿಟ್ಟವರು ನಾನು ಒಳಗೆ ಹೋದ ಕೂಡಲೇ ಮತ್ತೆ ಕೂಡಿ ನಿಂತರು. ದನದ ಡಾಕ್ಟರು ಕೈ ತೊಳೆದುಕೊಳ್ಳುತ್ತಿದ್ದರು. “ಅಖಾಡ ಬಂತಂತ ಹುರುಳಿ, ಹಿಂಡಿ, ತತ್ತಿ ಎಲ್ಲಾ ತಿನ್ನಿಸೀರಿ. ಅಜೀರ್ಣ ಆಗೇತಿ. ಇಂಜೆಕ್ಷನ್ ಕೊಟ್ಟೀನಿ, ಮುಂಜಾನಿ ಹೊತ್ತಿಗೆ ಏಳತೈತಿ,” ಎಂದು ಹೇಳಿ ಬೈಕು ಹತ್ತಿದರು.

ಕೊಟ್ಟಿಗೆಯಲ್ಲಿ ಜಮಾದಾರ ಕಾಲು ಮಡಚಿ, ಕೊರಳು ನೆಲಕ್ಕೆ ಚಾಚಿ ಮಲಗಿತ್ತು. ಅದರ ಮಗ್ಗುಲಲ್ಲಿ ಈರಣ್ಣ ಬರಿ ಮೈಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ತೊಟ್ಟು ಬಂದ ಅಂಗಿಯನ್ನು ಕಳಚಿಸಿ, ಮಡಚಿ, ಗೂಡಿನಲ್ಲಿ ದೀಪದ ಪಕ್ಕ ಇಟ್ಟಿದ್ದರು. ಚೀಲದಲ್ಲಿದ್ದವನ್ನು ಅವನ ಎದುರಿಗೆ ನೆಲದ ಮೇಲೆ ಹಾಸಿದ್ದರು, ಎಲ್ಲ ಹೋರಿಗಳೂ ಅವನ ಕಡೆ ನೋಡುವ ಹಾಗೆ. ಅವನ ತುಟಿ ಒಡೆದಿತ್ತು. ನನ್ನನ್ನು ಕಂಡವನೇ ಸಣ್ಣ ಹುಡುಗನ ಹಾಗೆ ಮುಖ ಮಾಡಿದ. ಅವನನ್ನು ಆ ಮುಖದಲ್ಲಿ ನೋಡಿ ನನಗೆ ಅಲ್ಲಿದ್ದ ಎಲ್ಲರ ಮೇಲೂ ಸಿಟ್ಟು ಬಂತು, ಹೋರಿಯ ಮೇಲೂ ಬಂತು.

“ಅಂಗಿ ತಂದೀಯೇನವಾ?” ಎಂದಳು ನೀಲವ್ವ.

“ಇಲ್ರಿ. ನೆದರು ಅವಂದಲ್ಲ. ನಂದು.”

ಈರಣ್ಣ ತಲೆಯೆತ್ತಿದ. ನಾನು ಅವನ ಕಡೆ ನೋಡಲಿಲ್ಲ.

“ಅಂವ ಫೋಟೋ ಅಷ್ಟ ತಂದಾನ. ದಿನಾ ಅದರ ಕಣ್ಣಾಗ ಕಣ್ಣಿಟ್ಟು ಕುಂತಾಕಿ ನಾನು. ಇಂಥಾ ಹೋರಿ ಇದ್ದ ಮನೀ ಭಾಗ್ಯ ಏನ ಭಾಗ್ಯ ಅಂತ ಹೊಟ್ಟಿ ಉರಕೊಂಡಾಕಿ ನಾನು. ಕಲ್ಲಿಗೆ ಬಡದಾಕೀನೂ ನಾನ. ನೀವ ಕಣ್ಣಾರೆ ಕಂಡೀರಿ.”

ನೀಲವ್ವ ನನ್ನ ಹಣೆಯನ್ನು ನೋಡಿದಳು. ಗಂಡ ಹೋದ ಮೇಲೆ ನಾನು ಕುಂಕುಮ ಹಚ್ಚಿರಲಿಲ್ಲ. ಸೇತುವೆ ದಾಟಿದಾಗಿನಿಂದ ಆ ಬರಿ ಹಣೆಯನ್ನೇ ನೆಚ್ಚಿಕೊಂಡು ಬಂದಿದ್ದೆ. ಆಕೆ ಮೊಣಕಾಲು ಹಿಡಿದುಕೊಂಡು ಬಗ್ಗಿ, ನನ್ನ ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತಳು. ಕೆಂಡದ ಮೇಲೆ ಉಪ್ಪು, ಮೆಣಸಿನಕಾಯಿ, ಆ ಎಳೆ ಹಾಕಿ ಹೋರಿಯ ತಲೆಯಿಂದ ಬಾಲದವರೆಗೆ ನಿವಾಳಿಸಿದಳು. ಹೊಗೆ ಎದ್ದಿತು. ಮೆಣಸಿನಕಾಯಿ ಸುಟ್ಟರೆ ಮನೆಮಂದಿಯೆಲ್ಲ ಕೆಮ್ಮಬೇಕು. ಕೊಟ್ಟಿಗೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

“ನೋಡ್ರಿ, ಘಾಟ ಇಲ್ಲ,” ಅಂದಳು ನೀಲವ್ವ. “ಇಷ್ಟ ಜೋರ ಇತ್ತು ನೆದರು.”

ಮೋಡಕ್ಕೆ ಮೆಣಸಿನಕಾಯಿ ಮೆತ್ತಗಾಗಿದ್ದವು, ಹಟ್ಟಿಯಲ್ಲಿ ಗಾಳಿ ಬೀಸುತ್ತಿತ್ತು ಅಂತ ಈಗ ಹೇಳಬಹುದು. ಆಗ ಹುಡುಗರೆಲ್ಲ ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದದ್ದು ಮಾತ್ರ ಕಂಡೆ. ಗೌಡ ಈರಣ್ಣನ ಭುಜಕ್ಕೆ ಒಂದು ಕಂಬಳಿ ಹೊದಿಸಿದ. “ತಪ್ಪ ತಿಳಕೊಂಡಿದ್ವಿ ತಮ್ಮಾ, ನೀ ಹೋಗು,” ಅಂದ. ನನ್ನ ಕಡೆ ನೋಡದೆ ಹೋರಿಗೆ ಅಡ್ಡವಾಗಿ ನಿಂತ.

ಬೈಕನ್ನು ಹಿಂದೆ ಹೇರಿಕೊಂಡು ಹೊರಟ ಟೆಂಪೋದಲ್ಲಿ ಈರಣ್ಣ ನನ್ನ ಕೈ ಹಿಡಿದುಕೊಂಡು ಅತ್ತ, ಅಳುತ್ತಲೇ ನಕ್ಕ. “ಎಂಥಾ ಸುಳ್ಳು ಹೇಳಿದಿ ಅಕ್ಕಾ! ನಾಟಕದಾಕಿ ಆಗಬೇಕಿತ್ತು ನೀ!” ಅವನನ್ನು ಜೀವಂತ ಕರೆತಂದೆನಲ್ಲ ಎಂಬ ಸಮಾಧಾನಕ್ಕೆ ನಾನೂ ನಕ್ಕೆ. ಇಷ್ಟರಲ್ಲೇ ಮುಗಿಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಮೋಡ ಹರಿದು ಬಿಸಿಲು ಬಿದ್ದಿತ್ತು. ಫೋನು ಬಂತು. ಜಮಾದಾರ ಎದ್ದು ನಿಂತಿದ್ದಾನೆ, ಒಂದು ಬುಟ್ಟಿ ಮೇವು ತಿಂದಿದ್ದಾನೆ. “ಎದ್ದಾನಂತ ಅಕ್ಕಾ! ಎದ್ದಾನಂತ!” ಎಂದು ಈರಣ್ಣ ಕುಣಿದ. ಕುಣಿಯುತ್ತಿದ್ದವನು ಒಮ್ಮೆಲೇ ನಿಂತು ನನ್ನನ್ನು ನೋಡಿದ. ಒಂದೇ ಗಳಿಗೆ. ಆಮೇಲೆ ಚಹಾ ಕೇಳಿದ.

ಡಾಕ್ಟರ ಇಂಜೆಕ್ಷನ್ನನ್ನು ಯಾರೂ ನೆನೆಯಲಿಲ್ಲ. ಹೋರಿ ಏಳದಿದ್ದರೆ ನಾನು ಸುಳ್ಳುಗಾತಿಯಾಗುತ್ತಿದ್ದೆ, ಏಟು ತಿನ್ನುತ್ತಿದ್ದೆನೋ ಏನೋ. ಎದ್ದಿತು, ಅದಕ್ಕೇ ನನ್ನ ಮಾತು ಖರೆಯಾಯಿತು. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ, ಶಿರಹಟ್ಟಿಯಿಂದ ಮುಂಡರಗಿಗೆ ಆ ಖಬರು ಹಬ್ಬಿದ ಹಾಗೆ ನಮ್ಮ ಯಾವ ಜಾಹೀರಾತೂ ಹಬ್ಬಿರಲಿಲ್ಲ. ಆ ಚಳಿಗಾಲದಲ್ಲಿ ಜಮಾದಾರ ಗೆದ್ದ, ಅಂಗಿಗಳ ಬೇಡಿಕೆ ಇನ್ನೂ ಏರಿತು. ಫೋನಿನಲ್ಲಿ ಎಲ್ಲರೂ ಕೊನೆಗೆ ನನ್ನ ಕಣ್ಣಿನ ಬಗ್ಗೆ ಒಂದು ಮಾತು ಹೇಳುತ್ತಿದ್ದರು. ಈರಣ್ಣ ಮೂಲೆಗೆ ಹೋಗಿ ಸಣ್ಣ ದನಿಯಲ್ಲಿ ಹೂಂ ಅನ್ನುತ್ತಿದ್ದ. ಆಮೇಲೆ ಯಂತ್ರದ ಹತ್ತಿರ ಬಂದು, “ನೀ ದಣದಿ ಅಕ್ಕಾ, ಏಳು, ನಾ ಒತ್ತತೀನಿ,” ಎನ್ನುತ್ತಿದ್ದ. ಯುಗಾದಿಯ ಹೊತ್ತಿಗೆ ಚಿತ್ರ ಜೋಡಿಸಲು ಬೇರೆ ಒಬ್ಬರನ್ನು ಇಟ್ಟುಕೊಂಡ. ನಾನು ಈಗ ಮಡಚುವುದೂ ಇಲ್ಲ, ಅಡುಗೆ ಮಾಡುತ್ತೇನೆ.

ಮರುವರ್ಷ ಅವನ ಮದುವೆಯಾಯಿತು. ಹೆಂಡತಿ ಹೊಂಬಳದವಳು. ನನ್ನ ಸುದ್ದಿ ಕೇಳಿಯೇ ಬಂದವಳು, ಆದರೂ ಒಂದು ದಿನ ಮುಖ ತಿರುಗಿಸಿದವಳಲ್ಲ. ಈ ಬೇಸಿಗೆಯಲ್ಲಿ ಹೆತ್ತು, ಕೂಸಿನೊಡನೆ ತವರಿನಿಂದ ಬಂದ ದಿನ ಅವಳೇ ನನ್ನನ್ನು ಕರೆದಳು. “ಬರ್ರಿ ಅಕ್ಕಾರ, ನಿಮ್ಮ ಸೊಸೀನ್ನ ನೋಡ್ರಿ.” ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹೋದೆ. ತೊಟ್ಟಿಲಿನ ಮೇಲೆ ಬಗ್ಗುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ತೊಟ್ಟಿಲಿಗೆ ಹೊದಿಸಿದ ಸೀರೆಯನ್ನು ಎಳೆದು ಮುಚ್ಚಿತು. ಈರಣ್ಣನ ಕೈ.

“ಈಗರ ಮಲಗೇತಿ ಅಕ್ಕಾ. ಆಮ್ಯಾಲೆ ನೋಡೀಯಂತ,” ಅಂದ, ಗೋಡೆಯ ಕಡೆ ನೋಡುತ್ತ.

ಸೀರೆಯ ಒಳಗೆ ಕೂಸು ಎಚ್ಚರವಾಗಿತ್ತು. ಕಾಲು ಬಡಿಯುತ್ತ, ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದದ್ದು ನಮಗೆ ಮೂವರಿಗೂ ಕೇಳಿಸುತ್ತಿತ್ತು.